ಗಿರಣಿ ನಿಲ್ಲಿಸಿ ಹೇಳಿದ ಮಾತು

ಫಿನೋಬಾರ್ಬಿಟೋನ್ ಮಾತ್ರೆಯ ಡಬ್ಬ ಖಾಲಿಯಾದ ದಿನ ನಾನು ಮಾಡಬೇಕಾದ್ದನ್ನೆಲ್ಲ ನಿಯಮದ ಪ್ರಕಾರವೇ ಮಾಡಿದ್ದೆ. ಸ್ಟಾಕ್ ಬುಕ್ಕಿನ ಕೊನೆಯ ಕಾಲಮ್ಮಿನಲ್ಲಿ ಸೊನ್ನೆ ಬರೆದು ಸಹಿ ಹಾಕಿದೆ. ಕಾರ್ಬನ್ ಇಟ್ಟು ಇಂಡೆಂಟಿನ, ಅಂದರೆ ಬೇಡಿಕೆ ಪತ್ರದ, ಮೂರು ಪ್ರತಿ ಮಾಡಿ, ಒಂದನ್ನು ಚಿಕ್ಕಮಗಳೂರಿನ ಜಿಲ್ಲಾ ಉಗ್ರಾಣಕ್ಕೆ ಟಪಾಲಿನಲ್ಲಿ ಕಳಿಸಿದೆ. ಮುಗಿದ ಔಷಧಿಗಳ ಪಟ್ಟಿಯನ್ನು ಡಾಕ್ಟರ ಮೇಜಿನ ಮೇಲಿಟ್ಟೆ. ಆ ಪಟ್ಟಿಯಲ್ಲಿ ಕೆಮ್ಮಿನ ಮಿಕ್ಸ್ಚರ್ ಇತ್ತು, ಕಜ್ಜಿಯ ಮುಲಾಮು ಇತ್ತು, ಹೊಟ್ಟೆಹುಳದ ಮಾತ್ರೆ ಇತ್ತು. ಅವುಗಳ ಮಧ್ಯೆ ಇದೂ ಒಂದು ಸಾಲು. ಉಳಿದವುಗಳಿಗಿಂತ ಈ ಸಾಲು ಬೇರೆ ಎಂದು ನನಗೆ ಅನ್ನಿಸಲಿಲ್ಲ.

ನಾನಾಗ ಅಜ್ಜಂಪುರದಿಂದ ಶಿವನಿ ಕಡೆಗೆ ಹೋಗುವ ದಾರಿಯ ಒಂದು ಊರಿನ ಆರೋಗ್ಯ ಕೇಂದ್ರದಲ್ಲಿ ಫಾರ್ಮಸಿಸ್ಟ್. ಊರವರ ಬಾಯಲ್ಲಿ ಕಾಂಪೌಂಡ್ರು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಅಜ್ಜಂಪುರ ಇನ್ನೂ ತರೀಕೆರೆ ತಾಲ್ಲೂಕಿನ ಒಂದು ಹೋಬಳಿಯಾಗಿತ್ತು.

ಗಿರಣಿ ಯಜಮಾನರು ಬಂದದ್ದು ಮರುದಿನ. ಬಸ್ ಸ್ಟ್ಯಾಂಡಿನ ಹಿಂದೆ ಅವರದೊಂದು ಹಿಟ್ಟಿನ ಗಿರಣಿ ಇತ್ತು. ರೆಪ್ಪೆಯ ಮೇಲೂ ಹಿಟ್ಟು ಕೂತಿರುತ್ತಿದ್ದ ಮನುಷ್ಯ, ಮಾತು ಕಡಿಮೆ. ಅವರ ಒಬ್ಬಳೇ ಮಗಳಿಗೆ ಐದನೇ ವಯಸ್ಸಿನಿಂದ ಮೂರ್ಛೆ ಬರುತ್ತಿತ್ತು. ಹರಕೆ, ತಾಯಿತ, ಹೊಕ್ಕುಳ ಸುತ್ತ ಬರೆ, ಎಲ್ಲ ಆದ ಮೇಲೆ ನಮ್ಮ ಡಾಕ್ಟರ ಹತ್ತಿರ ಬಂದಿದ್ದರು. ಅವರು ಬರೆದುಕೊಟ್ಟ ಈ ಫಿನೋಬಾರ್ಬಿಟೋನ್ ಮಾತ್ರೆ ಶುರುವಾದ ಮೇಲೆ ಎರಡು ವರ್ಷ ಒಂದು ಸಲವೂ ಬಂದಿರಲಿಲ್ಲ. ಹುಡುಗಿ ಆರನೇ ಕ್ಲಾಸಿಗೆ ಬಂದಿದ್ದಳು. ತಿಂಗಳಿಗೊಮ್ಮೆ ಅಪ್ಪನ ಜೊತೆ ಬಂದು, ನಾನು ಟ್ರೇಯಲ್ಲಿ ಮಾತ್ರೆ ಎಣಿಸುವಾಗ ತಾನೂ ಬಾಯೊಳಗೇ ಎಣಿಸಿ, "ಸರಿ ಇದೆ ಸಾರ್" ಎನ್ನುತ್ತಿದ್ದಳು.

ಅವತ್ತು ಯಜಮಾನರು ಒಬ್ಬರೇ ಬಂದಿದ್ದರು.

"ಸ್ಟಾಕಿಲ್ಲ ಯಜಮಾನ್ರೇ. ಬರೋ ವಾರ ಬಂದು ನೋಡಿ," ಎಂದೆ.

"ಬರೋ ವಾರ ಬಂದಿರ್ತದಾ?"

"ಇಂಡೆಂಟ್ ಹಾಕಿದೀನಿ. ಬರ್ಬೇಕು."

"ಆಗ್ಲಿ ಬಿಡಿ. ಎರಡು ವರ್ಷದಿಂದ ಚೆನ್ನಾಗವ್ಳೆ. ಏನೂ ತೊಂದ್ರೆ ಇಲ್ಲ."

"ಒಳ್ಳೇದಾಯ್ತಲ್ಲ," ಎಂದು ಮುಂದಿನವರ ಚೀಟಿಗೆ ಕೈ ಚಾಚಿದೆ.

ಮುಂದಿನ ವಾರವೂ ಬಂದರು. ಮಾತ್ರೆ ಬಂದಿರಲಿಲ್ಲ. ಅದೇ ಮಾತು ಹೇಳಿ ಕಳಿಸಿದೆ. ತರೀಕೆರೆಯ ಔಷಧಿ ಅಂಗಡಿಯಲ್ಲಿ ಆ ಮಾತ್ರೆ ಸಿಗುತ್ತದೆ, ಡಾಕ್ಟರ ಚೀಟಿ ತೋರಿಸಿದರೆ ಕೊಡುತ್ತಾರೆ ಎಂಬುದು ನನಗೆ ಗೊತ್ತಿತ್ತು. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಈ ಮಾತ್ರೆಯನ್ನು ತಟಕ್ಕನೆ ನಿಲ್ಲಿಸಿದರೆ ಮೂರ್ಛೆ ಮೊದಲಿಗಿಂತ ಜೋರಾಗಿ ತಿರುಗಿ ಬರಬಹುದು ಎಂಬುದೂ ಗೊತ್ತಿತ್ತು. ಫಾರ್ಮಸಿ ಓದುವಾಗ ಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ ಉತ್ತರ ಬರೆದು ಪಾಸಾಗಿದ್ದೆ.

ಹನ್ನೊಂದನೇ ದಿನ ಬೆಳಗ್ಗೆ ಹತ್ತರ ಹೊತ್ತಿಗೆ ಒಂದು ಟ್ರ್ಯಾಕ್ಟರ್ ಟ್ರೇಲರ್ ಆಸ್ಪತ್ರೆಯ ಕಾಂಪೌಂಡಿಗೆ ನುಗ್ಗಿತು. ಖಾಲಿ ಗೋಣಿಚೀಲಗಳ ಮೇಲೆ ಹುಡುಗಿಯನ್ನು ಮಲಗಿಸಿದ್ದರು. ಸ್ಕೂಲಿಗೆ ಹೊರಟಿದ್ದವಳು, ಒಂದು ಜಡೆ ಹಾಕಿ ಆಗಿತ್ತು, ಇನ್ನೊಂದು ಆಗಿರಲಿಲ್ಲ. ಮೂರ್ಛೆ ಬರುವುದು, ಬಿಡುವುದು, ಎಚ್ಚರ ಬರುವ ಮೊದಲೇ ಮತ್ತೆ ಬರುವುದು. ಎಂಟು ಗಂಟೆಯಿಂದ ಹೀಗೇ ಎಂದರು. ಕೈಯಲ್ಲಿ ಯಾರೋ ಬೀಗದ ಕೈ ತುರುಕಿದ್ದರು. ಹಲ್ಲಿನ ಮಧ್ಯೆ ಚಮಚ ಇಡಲು ಹೋಗಿ ತುಟಿ ಹರಿದಿತ್ತು. ಚಪ್ಪಲಿ ಮೂಸಿಸಿ, ಈರುಳ್ಳಿ ಹಿಂಡಿ, ದೇವರ ಮನೆಯಲ್ಲಿ ಮಲಗಿಸಿ ಎರಡು ಗಂಟೆ ಕಳೆದಿದ್ದರು.

ಡಾಕ್ಟರು ಹೊರಗೆ ಓಡಿಬಂದರು. ನಮ್ಮಲ್ಲಿ ಮೂರ್ಛೆ ತಡೆಯುವ ಡಯಾಜೆಪಾಮ್ ಇಂಜೆಕ್ಷನ್ ಇದ್ದದ್ದು ಎರಡೇ ಆಂಪೂಲ್. ಎರಡನ್ನೂ ಕೊಟ್ಟಾಯಿತು. ಸ್ವಲ್ಪ ಹೊತ್ತು ನಿಂತಂತೆ ಕಂಡಿತು, ಮತ್ತೆ ಬಂತು. ಡಾಕ್ಟರು ತಾವೇ ಜೀಪಿನ ಹಿಂದಿನ ಸೀಟಿನಲ್ಲಿ ಕೂತು ತರೀಕೆರೆಗೆ ಹೊರಟರು. ತಾಯಿಯ ತೊಡೆಯ ಮೇಲೆ ಹುಡುಗಿಯ ತಲೆ. ತರೀಕೆರೆ ಇನ್ನೂ ನಾಲ್ಕು ಮೈಲಿ ಇದೆ ಎನ್ನುವಾಗ ಉಸಿರು ನಿಂತಿತು.

ಜೀಪು ವಾಪಸ್ ಬಂದದ್ದನ್ನು ನಾನು ಡಿಸ್ಪೆನ್ಸರಿಯ ಕಿಟಕಿಯಿಂದ ನೋಡಿದೆ. ಅಷ್ಟು ಬೇಗ ಬರಬಾರದಿತ್ತು ಅದು.

ಮಣ್ಣಿಗೆ ನಾನು ಹೋಗಲಿಲ್ಲ. ಕ್ಯೂ ಇದೆ ಎಂದು ನೆಪ ಹೇಳಿಕೊಂಡೆ. ಗಿರಣಿ ಇಪ್ಪತ್ತು ದಿನ ಮುಚ್ಚಿತ್ತು. ಗಾಳಿ ಸೋಕಿತ್ತು, ಯಾರದೋ ಕಣ್ಣು, ಸ್ಮಶಾನದ ದಾರಿಯಲ್ಲಿ ಸ್ಕೂಲಿಗೆ ಹೋಗುತ್ತಿದ್ದಳಲ್ಲ ಎಂದೆಲ್ಲ ಊರಲ್ಲಿ ಮಾತಾಡಿದರು. ಆ ಮಾತುಗಳನ್ನು ಕೇಳುವಾಗ ನನಗೆ ಒಳಗೊಳಗೇ ಒಂದು ನೆಮ್ಮದಿ ಆಗುತ್ತಿತ್ತು ಎಂದು ಬರೆಯಲು ಇವತ್ತಿಗೂ ನಾಚಿಕೆ. ಗಾಳಿಯ ಮೇಲೆ ಹೋದರೆ ನನ್ನ ಮೇಲೆ ಬರುವುದಿಲ್ಲವಲ್ಲ.

ಆದರೆ ತಾಯಿ ಗಾಳಿಯನ್ನು ನಂಬಿರಲಿಲ್ಲ. ಒಂದು ಮಧ್ಯಾಹ್ನ ಹೊರರೋಗಿಗಳೆಲ್ಲ ಹೋದ ಮೇಲೆ ಬಂದರು. ಮೂವತ್ತು ಮೂವತ್ತೆರಡರ ಹೆಂಗಸು. ಏಳನೇ ಕ್ಲಾಸಿನವರೆಗೆ ಓದಿದ್ದವರು. ಕೌಂಟರಿನ ಆಚೆ ನಿಂತು ಸೀದಾ ಕೇಳಿದರು.

"ಕಾಂಪೌಂಡ್ರೇ, ಒಂದು ಮಾತು ಕೇಳ್ತೀನಿ. ಸುಳ್ಳು ಹೇಳ್ಬೇಡಿ. ಮಾತ್ರೆ ಬಿಟ್ಟಿದ್ದಕ್ಕೇ ಹಿಂಗಾಯ್ತಾ?"

ಹೇಳಬಹುದಾದ ಉತ್ತರಗಳು ಬೇಕಾದಷ್ಟಿದ್ದವು. ಡಾಕ್ಟರನ್ನು ಕೇಳಿ ಎನ್ನಬಹುದಿತ್ತು. ಆ ಕಾಯಿಲೆಯೇ ಹಾಗೆ ಎನ್ನಬಹುದಿತ್ತು; ಅದು ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ. ನಾನು ಆಕೆಯ ಮುಖ ನೋಡಿದೆ.

"ಹೌದಮ್ಮ. ಹಾಗೇ ಆಗಿರ್ಬೇಕು. ಆ ಮಾತ್ರೆ ಒಮ್ಮೆಗೇ ನಿಲ್ಲಿಸ್ಬಾರದು."

"ನಮಗ್ಯಾರೂ ಹೇಳ್ಲಿಲ್ವಲ್ಲ."

"ನಾನು ಹೇಳ್ಬೇಕಿತ್ತು. ಗೊತ್ತಿತ್ತು. ಹೇಳ್ಲಿಲ್ಲ."

"ಅಂಗಡೀಲಿ ಸಿಗ್ತಿತ್ತಾ?"

"ತರೀಕೆರೆಯಲ್ಲಿ ಸಿಗ್ತಿತ್ತು."

ಆಕೆ ಕೌಂಟರಿನ ಮರವನ್ನು ಎರಡು ಕೈಯಲ್ಲಿ ಹಿಡಿದುಕೊಂಡರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಸಲೀಸಾಗಿರುತ್ತಿತ್ತು. "ತರೀಕೆರೆ ಏನು, ಬೆಂಗ್ಳೂರಿಗೆ ಹೋಗಿ ಅಂದಿದ್ರೂ ಹೋಗಿ ತರ್ತಿದ್ವಲ್ಲಪ್ಪ," ಎಂದು ಬಹಳ ಸಣ್ಣ ದನಿಯಲ್ಲಿ ಹೇಳಿ ಹೊರಟುಹೋದರು.

ನಾಲ್ಕು ದಿನ ಬಿಟ್ಟು ಗಂಡ ಹೆಂಡತಿ ಇಬ್ಬರೂ ಬಂದರು. ಯಜಮಾನರು ನನ್ನ ಮುಖ ನೋಡದೆ ಗೋಡೆಯ ಕಡೆ ತಿರುಗಿ ಬೆಂಚಿನ ಮೇಲೆ ಕೂತರು. ಮಾತಾಡಿದ್ದು ಆಕೆಯೇ.

"ಈ ಮಾತ್ರೆ ತಗೊಳ್ಳೋರು ಇನ್ನೂ ಎಷ್ಟು ಜನ ಅವ್ರೆ ನಿಮ್ಮ ಬುಕ್ಕಲ್ಲಿ?"

ತೆಗೆದು ನೋಡಿದೆ. ಏಳು ಜನ.

"ಅವ್ರಿಗೆ ಹೇಳಿದೀರಾ, ನಿಲ್ಲಿಸ್ಬಾರದು ಅಂತ?"

ಹೇಳಿರಲಿಲ್ಲ. ಅಷ್ಟು ದಿನವಾದರೂ ಹೇಳಿರಲಿಲ್ಲ. ಅವತ್ತು ಸಂಜೆಯೇ ಸೈಕಲ್ ಹತ್ತಿದೆ. ಮೂರು ದಿನದಲ್ಲಿ ಏಳೂ ಮನೆ ಮುಟ್ಟಿ, ಡಾಕ್ಟರಿಂದ ಚೀಟಿ ಬರೆಸಿಕೊಂಡು, ತರೀಕೆರೆಯಿಂದ ಮಾತ್ರೆ ತರಿಸಿ ಕೊಟ್ಟೆ. ಇಬ್ಬರು ಆಗಲೇ ಮಾತ್ರೆ ಬಿಟ್ಟಿದ್ದರು, ಅವರಿಗೆ ಮತ್ತೆ ಮೂರ್ಛೆ ಶುರುವಾಗಿತ್ತು. ಉಗ್ರಾಣದಿಂದ ಸರಕು ಬಂದದ್ದು ಆಮೇಲೆ.

ಗಿರಣಿ ಮತ್ತೆ ತೆರೆದಿತ್ತು. ಒಂದು ಭಾನುವಾರ ನಾನು ಜೋಳ ಬೀಸಿಸಲು ಹೋದೆ. ಹೋಗಲೇಬೇಕು ಎಂದು ಮನಸ್ಸು ಗಟ್ಟಿ ಮಾಡಿಕೊಂಡೇ ಹೋದೆ. ಹತ್ತು ಹನ್ನೆರಡು ಹೆಂಗಸರು ಡಬ್ಬ, ಚೀಲ ಸಾಲಾಗಿಟ್ಟು ಕೂತಿದ್ದರು. ಆ ದಿನಗಳಲ್ಲಿ ಕರೆಂಟು ಹೇಳದೆ ಕೇಳದೆ ಹೋಗುತ್ತಿತ್ತು. ಅವತ್ತೂ ಹೋಯಿತು. ಬೆಲ್ಟು ಪಟಪಟ ಎನ್ನುತ್ತ ನಿಧಾನವಾಗಿ ನಿಂತು, ಗಿರಣಿಯೊಳಗೆ ಒಮ್ಮೆಲೇ ನಿಶ್ಶಬ್ದವಾಯಿತು. ಮೋಟಾರಿನ ಸದ್ದಿನಲ್ಲಿ ಗಟ್ಟಿಯಾಗಿ ಮಾತಾಡುತ್ತಿದ್ದ ಒಬ್ಬ ಹೆಂಗಸಿನ ಮಾತು ಮಾತ್ರ ಎಲ್ಲರಿಗೂ ಕೇಳುವಂತೆ ಉಳಿಯಿತು.

"...ಎಂಜಲು ತಾಗಿದ್ರೆ ನಮ್ಗೂ ಬತ್ತದೆ ಕಣೇ. ಇಲ್ಲಿ ಹಿಟ್ಟು ಬೀಸಿಸ್ಬಾರ್ದು ಅಂತಿದ್ಲು ನಮ್ಮತ್ತೆ."

ಯಜಮಾನರು ಬೆಲ್ಟಿನ ಹತ್ತಿರ ತಲೆ ತಗ್ಗಿಸಿ ನಿಂತಿದ್ದರು. ತಾಯಿ ಹಿಟ್ಟಿಗೆ ಜರಡಿ ಹಿಡಿಯುತ್ತಿದ್ದ ಕಡೆಯಿಂದ ಎದ್ದು ಬಂದರು.

"ತಾಗಿದ್ರೆ ಬರೋ ಹಂಗಿದ್ರೆ ನಾಲ್ಕು ವರ್ಷ ಅವಳ ಎಂಜಲು ಒರೆಸಿದೀನಿ, ನಂಗೆ ಬರ್ಬೇಕಿತ್ತಲ್ಲಮ್ಮ," ಎಂದರು. "ಗಾಳೀನೂ ಅಲ್ಲ, ದೆವ್ವಾನೂ ಅಲ್ಲ. ಮಿದುಳಿನ ಕಾಯಿಲೆ. ಮಾತ್ರೆ ತಗೊಂಡ್ರೆ ನಿಲ್ತದೆ, ನಮ್ಮ ಹುಡುಗೀಗೆ ನಿಂತಿತ್ತು. ಮಾತ್ರೆ ನಿಲ್ಲಿಸಿದ್ವಿ, ಹೋದ್ಲು. ಇಷ್ಟೇ ನಡೆದಿದ್ದು. ನಿಮ್ಮ ಮನೇಲಿ ಯಾರಾದ್ರೂ ಇದ್ರೆ ಮುಚ್ಚಿಡ್ಬೇಡ್ರಿ."

ಮೂಲೆಯಲ್ಲಿ ಬಳೆ ಮಾರುವ ಮುದುಕಿ ಕೂತಿದ್ದಳು. ಸಾಬರ ಕೇರಿಯವಳು. ಊರೂರು ತಿರುಗಿ ಬಳೆ ತೊಡಿಸುತ್ತಿದ್ದವಳು. ರಾಗಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡೇ ಹೇಳಿದಳು:

"ನಮ್ ಮನೇಲೂ ಒಬ್ಳು ಅವ್ಳೆ ಕಣಮ್ಮ. ಸೊಸೆ. ಮದ್ವೆ ಆಗಿ ಮೂರು ತಿಂಗ್ಳಿಗೆ ತವರಿಗೆ ಕಳ್ಸಿಬಿಟ್ಟೆ, ನಾನೇ. ಎಂಟು ತಿಂಗ್ಳಾಯ್ತು. ಮಾತ್ರೆ ಕೊಟ್ರೆ ನಿಲ್ತದಾ? ಖರೇನಾ?"

"ನಿಲ್ಲೋ ಸಾಧ್ಯತೆ ಬಹಳ ಇದೆ, ಅಜ್ಜಿ," ಎಂದೆ ನಾನು. ಆ ಗಿರಣಿಯಲ್ಲಿ ನಾನು ಬಾಯಿಬಿಟ್ಟ ಮೊದಲ ಮಾತು ಅದು.

ಮರುವಾರ ಸೊಸೆ ಬಂದಳು. ಡಾಕ್ಟರು ಪರೀಕ್ಷಿಸಿ ಮಾತ್ರೆ ಶುರು ಮಾಡಿದರು.

ಅಲ್ಲಿಂದ ಯಜಮಾನರು ಕರೆಂಟು ಹೋಗುವುದನ್ನು ಕಾಯಲಿಲ್ಲ. ಮಂಗಳವಾರ ಮತ್ತು ಭಾನುವಾರ ಜನ ಜಾಸ್ತಿ. ಆ ಎರಡು ದಿನ ಹನ್ನೊಂದು ಗಂಟೆಗೆ, ಕರೆಂಟು ಇದ್ದರೂ, ಅವರೇ ಹೋಗಿ ಸ್ವಿಚ್ಚು ಇಳಿಸುತ್ತಿದ್ದರು. ಕರೆಂಟಿಗಾಗಿ ಜನ ಕಾದು ಕೂರುತ್ತಿದ್ದ ಕಾಲದಲ್ಲಿ ಓಡುತ್ತಿರುವ ಗಿರಣಿಯನ್ನು ಕೈಯಾರೆ ನಿಲ್ಲಿಸುವುದು ಸಣ್ಣ ವಿಷಯವಾಗಿರಲಿಲ್ಲ. ಹತ್ತು ನಿಮಿಷ ತಾಯಿ ಮಾತಾಡುತ್ತಿದ್ದರು. ನಾನು ಮಂಗಳವಾರ ಡಾಕ್ಟರ ಅನುಮತಿ ಪಡೆದು ಹೋಗುತ್ತಿದ್ದೆ.

ಮೊದಮೊದಲು ನಾನು ಇಲಾಖೆಯ ಒಂದು ಚಿತ್ರಪಟ ತೂಗುಹಾಕಿ ಮಿದುಳು, ನರ ಎಂದು ವಿವರಿಸಲು ಹೋದೆ. ಯಾರಿಗೂ ತಲೆಗೆ ಹೋಗಲಿಲ್ಲ. ಒಂದು ದಿನ ನಾನು ಹೀಗೆ ಕೊರೆಯುತ್ತಿರುವಾಗ ಯಜಮಾನರು ಹೆಗಲ ಟವೆಲ್ ತೆಗೆದಿಟ್ಟು, ಗಿರಣಿಯ ನೆಲದ ಮೇಲೆ ಮಲಗಿಬಿಟ್ಟರು. ಕೈಕಾಲು ಸೆಟೆಸಿಕೊಂಡು ಅದುರಿಸತೊಡಗಿದರು. ಹೆಂಗಸರು ಹೌಹಾರಿ ಎದ್ದರು. ತಾಯಿ ಮಂಡಿಯೂರಿ ಕೂತು ಗಂಡನನ್ನು ಮಗ್ಗುಲಿಗೆ ತಿರುಗಿಸಿದರು.

"ಹಿಂಗೆ ಮಗ್ಗುಲಿಗೆ ತಿರುಗಿಸ್ಬೇಕು, ನೊರೆ ಹೊರಗೆ ಬರ್ಲಿ. ತಲೆ ಕೆಳಗೆ ಬಟ್ಟೆ ಇಡಿ. ಕುತ್ತಿಗೆ ಗುಂಡಿ ಬಿಚ್ಚಿ. ಬಾಯಿಗೆ ಏನೂ ಹಾಕ್ಬೇಡಿ, ನೀರೂ ಹಾಕ್ಬೇಡಿ. ಕಬ್ಬಿಣ ಬೇಡ, ಚಪ್ಪಲಿ ಬೇಡ. ಬಿಗಿಯಾಗಿ ಹಿಡ್ಕೋಬೇಡಿ. ತಾನಾಗೇ ನಿಲ್ತದೆ. ಐದು ನಿಮಿಷ ಆದ್ರೂ ನಿಲ್ಲಲಿಲ್ಲ ಅಂದ್ರೆ ದೇವರ ಮನೆಗಲ್ಲ, ಆಸ್ಪತ್ರೆಗೆ."

ಅಷ್ಟು ಹೇಳುವವರೆಗೂ ಅವರ ಅಂಗೈ ಗಂಡನ ತಲೆಯ ಕೆಳಗಿತ್ತು. ಯಜಮಾನರು ಎದ್ದು ಮೈಮೇಲಿನ ಹಿಟ್ಟು ಕೊಡವಿಕೊಂಡು ಸ್ವಿಚ್ಚು ಹಾಕಲು ಹೋದರು. ಚಿತ್ರಪಟವನ್ನು ನಾನು ಸುತ್ತಿ ಆಸ್ಪತ್ರೆಗೆ ವಾಪಸ್ ತಂದೆ.

ಎಲ್ಲವೂ ಹೀಗೇ ಸರಾಗ ನಡೆಯಲಿಲ್ಲ. ತಾಯಿ ಉತ್ಸಾಹದಲ್ಲಿ ಮನೆಮನೆಗೆ ಹೋಗತೊಡಗಿದ್ದರು. ಪಕ್ಕದ ಹಳ್ಳಿಯಲ್ಲಿ ಮೂರ್ಛೆಯಿದ್ದ, ಮದುವೆ ಗೊತ್ತಾಗಿದ್ದ ಒಂದು ಹುಡುಗಿಯ ಮನೆಗೂ ಹೋಗಿಬಂದರು. ಆಕೆ ಮನೆಯೊಳಗೆ ಹೋದದ್ದನ್ನು ಬೀದಿ ನೋಡಿತು, ಬೀದಿ ಗಂಡಿನ ಕಡೆಯವರಿಗೆ ಮುಟ್ಟಿಸಿತು, ಸಂಬಂಧ ಮುರಿಯಿತು. ಹುಡುಗಿಯ ಅಪ್ಪ ಗಿರಣಿಯ ಬಾಗಿಲಿಗೇ ಬಂದು ಕೂಗಾಡಿದ.

"ನಿಮ್ ಹುಡುಗಿ ಹೋದ್ಲು ಅಂತ ಊರಿನ ಹುಡುಗೀರ ಬಾಳೆಲ್ಲ ಹಾಳು ಮಾಡಕ್ಕೆ ಹೊರಟಿದೀರೇನ್ರೀ? ನಿಮ್ಮನ್ಯಾರು ಕರೆದಿದ್ರು?"

ಯಜಮಾನರು ಕೈ ಮುಗಿದರು. ತಾಯಿ ಎರಡು ವಾರ ಮನೆಯಿಂದ ಹೊರಗೆ ಬರಲಿಲ್ಲ. ಗಿರಣಿಗೆ ಬರುವವರು ಕಡಿಮೆಯಾದರು. ಕೆಲವರು ಮೂರು ಮೈಲಿ ದೂರದ ಇನ್ನೊಂದು ಗಿರಣಿಗೆ ಹೊರೆ ಹೊತ್ತುಕೊಂಡು ಹೋಗತೊಡಗಿದರು. ಆ ಅಪ್ಪ ಹೇಳಿದ್ದರಲ್ಲಿ ನ್ಯಾಯವಿತ್ತು ಎಂದು ನಾವು ಮೂವರೂ ಒಪ್ಪಿಕೊಂಡೆವು. ಮುಚ್ಚಿಡಬೇಡಿ ಎಂದು ಹೇಳುವುದು ನಮ್ಮ ಕೆಲಸ. ಬಿಚ್ಚಿಡುವುದು ಅವರವರಿಗೆ ಬಿಟ್ಟದ್ದು.

ಹಾಗಾಗಿ ಕ್ರಮ ಬದಲಾಯಿಸಿದೆವು. ಮನೆಗೆ ಹೋಗುವುದು ನಿಂತಿತು. ನಾನು ಪ್ರತಿ ರೋಗಿಗೂ ಒಂದು ರಟ್ಟಿನ ಕಾರ್ಡು ಮಾಡಿ, ಮಾತ್ರೆ ಕೊಟ್ಟ ತಾರೀಖಿನ ಬದಲು ಮಾತ್ರೆ ಮುಗಿಯುವ ತಾರೀಖನ್ನು ದಪ್ಪವಾಗಿ ಬರೆದೆ. ಆ ತಾರೀಖಿಗೆ ಐದು ದಿನ ಮೊದಲು ತಾಯಿಗೆ ಹೇಳುತ್ತಿದ್ದೆ. ಆ ಮನೆಯವರು ಹಿಟ್ಟು ಬೀಸಿಸಲು ಬಂದಾಗ ಡಬ್ಬದ ಹಿಡಿಗೆ ಆಕೆ ಒಂದು ಕೆಂಪು ದಾರ ಕಟ್ಟಿ ಕಳಿಸುತ್ತಿದ್ದರು. ಮಾತ್ರೆ ಮುಗಿಯುತ್ತಾ ಬಂತು ಎಂಬುದು ಓದು ಬಾರದವರಿಗೂ ಅರ್ಥವಾಗುತ್ತಿತ್ತು. ನೋಡಿದವರಿಗೆ ಯಾರ ಡಬ್ಬ ಎಂಬ ಗುರುತು, ಅಷ್ಟೇ. ಸಂಬಂಧ ಮುರಿದ ಆ ಹುಡುಗಿಯ ತಾಯಿ ಮೂರು ತಿಂಗಳ ಮೇಲೆ ಒಂದು ಡಬ್ಬ ಜೋಳ ತಂದು, "ನಮಗೂ ಒಂದು ದಾರ ಕಟ್ಟಮ್ಮ," ಎಂದು ಕೇಳಿದಳಂತೆ. ಬಿಟ್ಟುಹೋಗಿದ್ದ ಗಿರಾಕಿಗಳು ಒಬ್ಬೊಬ್ಬರಾಗಿ ತಿರುಗಿ ಬಂದರು.

ಅಷ್ಟರಲ್ಲಿ ನನ್ನ ಕೊರಳಿಗೆ ಬೇರೊಂದು ಸುತ್ತಿಕೊಂಡಿತ್ತು. ಹಿಂದಿನ ಮೂರು ತಿಂಗಳಲ್ಲಿ ಎಷ್ಟು ಖರ್ಚಾಗಿದೆಯೋ ಅದರ ಮೇಲೆ ಉಗ್ರಾಣದವರು ಮುಂದಿನ ಸರಬರಾಜು ಗೊತ್ತುಮಾಡುತ್ತಿದ್ದರು. ಸ್ಟಾಕೇ ಇಲ್ಲದ ತಿಂಗಳಲ್ಲಿ ಖರ್ಚು ಎಲ್ಲಿಂದ ಬರಬೇಕು? ಪುಸ್ತಕದಲ್ಲಿ ಖರ್ಚು ಕಡಿಮೆ ಕಂಡಿತು, ಅವರು ಅರ್ಧಕ್ಕೆ ಇಳಿಸಿದರು. ಇತ್ತ ಕಾರ್ಡುಗಳ ಸಂಖ್ಯೆ ಏಳರಿಂದ ಮೂರು ಪಟ್ಟು ದಾಟಿತ್ತು. ನಾನು ಎಣಿಸಿ ನೋಡಿದೆ: ಐದು ವಾರದಲ್ಲಿ ಡಬ್ಬ ಮತ್ತೆ ಖಾಲಿ. ನಾವೇ ಕರೆದು, ನಿಲ್ಲಿಸಬೇಡಿ ಎಂದು ಹೇಳಿ ಶುರು ಮಾಡಿಸಿದವರಿಗೆ ನಾವೇ ಇಲ್ಲ ಎನ್ನಬೇಕಾಗುತ್ತಿತ್ತು.

ಹೆಚ್ಚುವರಿ ಇಂಡೆಂಟಿಗೆ ಕಾರಣ ಬರೆಯಬೇಕು. "ರೋಗಿಗಳ ಸಂಖ್ಯೆ ಹೆಚ್ಚಿದೆ" ಎಂದು ಎರಡು ಸಲ ಬರೆದೆ. ಎರಡು ಸಲವೂ "ಮುಂದಿನ ಸರಬರಾಜಿನಲ್ಲಿ ಪರಿಶೀಲಿಸಲಾಗುವುದು" ಎಂದು ವಾಪಸ್ ಬಂತು. ಮೂರನೇ ಸಲ ಕಾಗದ ಮುಂದಿಟ್ಟುಕೊಂಡು ಬಹಳ ಹೊತ್ತು ಕೂತೆ. ಆಮೇಲೆ ಬರೆದೆ: ಈ ಕೇಂದ್ರದಲ್ಲಿ ಈ ಮಾತ್ರೆ ವಾರಗಟ್ಟಲೆ ಇರಲಿಲ್ಲ. ಮಾತ್ರೆ ನಿಲ್ಲಿಸಬಾರದೆಂದೂ ಹೊರಗೆ ಸಿಗುತ್ತದೆಂದೂ ರೋಗಿಯ ಕಡೆಯವರಿಗೆ ಫಾರ್ಮಸಿಸ್ಟ್ ಆದ ನಾನು ತಿಳಿಸಲಿಲ್ಲ. ಒಂದು ಮಗು ತೀರಿಕೊಂಡಿದೆ. ಮತ್ತೆ ಹಾಗಾಗದಿರಲು ಈ ಪ್ರಮಾಣ ಅಗತ್ಯ.

ಡಾಕ್ಟರು ಓದಿ ಕನ್ನಡಕ ತೆಗೆದಿಟ್ಟರು. "ಯೋಚ್ನೆ ಮಾಡಿದೀರಾ? ಇದು ಫೈಲಿಗೆ ಹೋದ್ರೆ ನಿಮ್ಮ ಸರ್ವೀಸ್ ಪೂರ್ತಿ ಬೆನ್ನ ಹಿಂದೆ ಇರ್ತದೆ."

"ಮಾಡಿದೀನಿ ಸಾರ್."

"ಸ್ಟಾಕ್ ವಿಚಾರ ನನಗೂ ಗೊತ್ತಿರ್ಬೇಕಿತ್ತು. ಕೊಡಿ ಇಲ್ಲಿ," ಎಂದು ಕೆಳಗೆ ತಾವೂ ಎರಡು ಸಾಲು ಸೇರಿಸಿ ಸಹಿ ಹಾಕಿದರು.

ಟಪಾಲಿಗೆ ಹಾಕದೆ ನಾನೇ ಒಯ್ದೆ. ಕಡೂರಿನಲ್ಲಿ ಬಸ್ಸು ಬದಲಿಸಿದೆ. ಆ ಬಸ್ಸು ನನ್ನ ಹುಟ್ಟೂರು ಸಖರಾಯಪಟ್ಟಣದ ಮೇಲೇ ಹೋಗುತ್ತದೆ. ಅಮ್ಮ ಅಲ್ಲಿದ್ದಳು. ಇಳಿದರೆ ಅಮ್ಮನಿಗೆ ಎಲ್ಲ ಹೇಳಬೇಕಾಗುತ್ತದೆ, ಹೇಳಿದರೆ ಆಕೆ ಮುಂದೆ ಹೋಗಲು ಬಿಡುವುದಿಲ್ಲ ಎಂದು ಇಳಿಯಲಿಲ್ಲ. ಉಗ್ರಾಣದ ಗುಮಾಸ್ತರು ಕಾಗದ ಓದಿ, ಮತ್ತೊಮ್ಮೆ ಓದಿ, ಒಳಗೆ ತೆಗೆದುಕೊಂಡು ಹೋದರು.

ಹದಿನೈದು ದಿನಕ್ಕೆ ಮಾತ್ರೆಯೂ ಬಂತು, ಮೆಮೊವೂ ಬಂತು. ವಿಚಾರಣೆಗೆ ಜಿಲ್ಲೆಯಿಂದ ಒಬ್ಬ ಅಧಿಕಾರಿ ಬಂದರು. ಡಾಕ್ಟರ ಕೋಣೆಯಲ್ಲಿ ಕೂತು ನನ್ನ ಹೇಳಿಕೆ, ಡಾಕ್ಟರ ಹೇಳಿಕೆ ತೆಗೆದುಕೊಂಡು, ಆಮೇಲೆ ಗಿರಣಿಯವರನ್ನು ಕರೆಸಿದರು. ನನ್ನನ್ನು ಹೊರಗೆ ಕಳಿಸಲಿಲ್ಲ. ಬಾಗಿಲ ಬಳಿ ನಿಂತಿದ್ದೆ.

"ನಿಮ್ಮ ಮಗಳ ಸಾವಿಗೆ ಇವರ ನಿರ್ಲಕ್ಷ್ಯ ಕಾರಣ ಅಂತ ನೀವು ದೂರು ಕೊಡಬಹುದು," ಎಂದರು ಅಧಿಕಾರಿ.

ಅಷ್ಟು ತಿಂಗಳಲ್ಲಿ ನನ್ನ ಜೊತೆ ಹತ್ತು ಮಾತೂ ಆಡಿರದ ಯಜಮಾನರು ಆಗ ಮೊದಲ ಬಾರಿಗೆ ನನ್ನ ಕಡೆ ನೆಟ್ಟಗೆ ನೋಡಿದರು.

"ತಪ್ಪು ಇವರದ್ದೂ ಐತೆ ಸ್ವಾಮಿ. ಇಲ್ಲ ಅನ್ನಲ್ಲ. ನಂಗೆ ಇನ್ನೂ ಇವರನ್ನ ಕಂಡ್ರೆ ಹೊಟ್ಟೇಲಿ ಬೆಂಕಿ ಬೀಳ್ತದೆ. ಆದ್ರೆ ನಿಜ ಹೇಳಿದ್ದು ಇವ್ರೊಬ್ರೇ. ಇವರು ಗಾಳಿ ಅಂದಿದ್ರೆ ನಾವೂ ಗಾಳಿ ಅಂದ್ಕೊಂಡು ಸುಮ್ನಾಗ್ತಿದ್ವಿ. ಬೇರೆಯೋರ ಮಕ್ಕಳೂ ಹೋಗ್ತಿದ್ರು. ಇವರನ್ನ ಇಲ್ಲಿಂದ ಎತ್ಬೇಡಿ. ಮಾತ್ರೆ ಮಾತ್ರ ನಿಲ್ಲಿಸ್ಬೇಡಿ."

ತಾಯಿ ಸೇರಿಸಿದರು: "ಬರ್ಕೊಳ್ಳಿ ಸಾರ್ ಅದನ್ನ. ನಿಲ್ಲಿಸ್ಬೇಡಿ ಅನ್ನೋದನ್ನ."

ಅಧಿಕಾರಿ ಬರೆದುಕೊಂಡರು. ನನ್ನ ಸೇವಾ ಪುಸ್ತಕದಲ್ಲಿ ಒಂದು ಎಚ್ಚರಿಕೆಯ ಟಿಪ್ಪಣಿ ಬಿತ್ತು. ನಿವೃತ್ತಿಯವರೆಗೂ ಅದು ಅಲ್ಲೇ ಇತ್ತು, ಇರಬೇಕಾದ್ದೇ. ಅದರ ಜೊತೆಗೇ ಬಂದ ಇನ್ನೊಂದು ಆದೇಶ ನನಗೆ ಮುಖ್ಯ: ಈ ಮಾತ್ರೆಯನ್ನು ಹಿಂದಿನ ಖರ್ಚಿನ ಮೇಲಲ್ಲ, ಕಾರ್ಡಿನಲ್ಲಿರುವ ರೋಗಿಗಳ ಲೆಕ್ಕದ ಮೇಲೆ ಕೊಡಬೇಕು; ಮೂರು ತಿಂಗಳ ಸ್ಟಾಕ್ ಉಳಿದಿರುವಾಗಲೇ ಇಂಡೆಂಟ್ ಹಾಕಬೇಕು.

ಹೊರಡುವ ಮೊದಲು ಅಧಿಕಾರಿ ತಾಯಿಯನ್ನು ಕೇಳಿದರು, "ತರೀಕೆರೆಯಲ್ಲಿ ತಿಂಗಳ ಮೀಟಿಂಗಿಗೆ ನರ್ಸ್‌ಗಳೆಲ್ಲ ಬರ್ತಾರೆ. ಗಿರಣೀಲಿ ಹೇಳೋದನ್ನ ಅಲ್ಲಿ ಬಂದು ಹೇಳ್ತೀರಾ?"

"ನಾನೇನು ಓದಿದೀನಿ ಅಂತ ನರ್ಸಮ್ಮೋರಿಗೆ ಹೇಳ್ಲಿ?"

"ಅವರಿಗೆ ಗೊತ್ತಿಲ್ಲದ್ದು ನಿಮಗೆ ಗೊತ್ತಿದೆಯಮ್ಮ."

ಹೋದರು. ತರೀಕೆರೆಯ ಆಸ್ಪತ್ರೆಯ ಹಾಲಿನಲ್ಲಿ, ಬಿಳಿ ಸೀರೆಯ ಇಪ್ಪತ್ತು ಮೂವತ್ತು ನರ್ಸ್‌ಗಳ ಮುಂದೆ, ಗಿರಣಿ ಯಜಮಾನರು ಇಸ್ತ್ರಿ ಮಾಡಿದ ಅಂಗಿಯಲ್ಲೇ ನೆಲದ ಮೇಲೆ ಮಲಗಿದರು. ತಾಯಿ ಮಗ್ಗುಲಿಗೆ ತಿರುಗಿಸಿ ತೋರಿಸಿದರು. ಮುಗಿದಾಗ ಒಬ್ಬ ಹಿರಿಯ ನರ್ಸ್ ಎದ್ದು, "ಇಷ್ಟು ವರ್ಷ ನಾನೇ ಬಾಯಿಗೆ ಚಮಚ ಇಡಿಸ್ತಿದ್ದೆ," ಎಂದು ಎಲ್ಲರ ಎದುರು ಒಪ್ಪಿಕೊಂಡರು. ಮುಂದಿನ ತಿಂಗಳು ಕಡೂರಿಗೆ ಕರೆದರು. ಆಮೇಲೆ ಶಾಲೆಗಳಿಗೆ ಕರೆದರು. ಬಳೆಯ ಮುದುಕಿ ತನ್ನ ಪಾಡಿಗೆ ತಾನು ಬಳೆ ತೊಡಿಸುತ್ತ ಊರೂರಿಗೆ ಇದನ್ನು ಹೇಳಿಕೊಂಡು ಬಂದಳು. ಸೊಸೆ ಮನೆಗೆ ಮರಳಿ ಬಂದಿದ್ದಳು. ನಾನು ಆ ಊರಿನಲ್ಲಿದ್ದ ಅಷ್ಟೂ ವರ್ಷ ಆ ಮಾತ್ರೆಯ ಕಾಲಮ್ಮಿನಲ್ಲಿ ಮತ್ತೆ ಸೊನ್ನೆ ಬರೆಯಲಿಲ್ಲ.

ಎಂಬತ್ತರ ದಶಕದ ನಡುವೆ ನನಗೆ ಕಡೂರಿಗೆ ವರ್ಗವಾಯಿತು. ಒಂದು ಬೆಳಗ್ಗೆ ಕೆಲಸದ ಮೇಲೆ ಶಿವನಿಗೆ ಹೋಗಿ ಸ್ಟೇಷನ್ನಿನಲ್ಲಿ ರೈಲು ಕಾಯುತ್ತಿದ್ದೆ. ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿ ಗುಂಪು ಸೇರಿತು. ಹತ್ತು ವರ್ಷದ ಒಂದು ಹುಡುಗಿಗೆ ಮೂರ್ಛೆ ಬಂದಿತ್ತು. ನಾನು ಓಡಿದೆ. ನಾನು ಮುಟ್ಟುವ ಹೊತ್ತಿಗೆ ಸೌತೆಕಾಯಿ ಮಾರುವ ಒಬ್ಬ ಹೆಂಗಸು ಬುಟ್ಟಿ ಕೆಳಗಿಟ್ಟು ಹುಡುಗಿಯನ್ನು ಮಗ್ಗುಲಿಗೆ ತಿರುಗಿಸಿಯಾಗಿತ್ತು. ಸೆರಗು ಮಡಚಿ ತಲೆಯ ಕೆಳಗಿಟ್ಟಿದ್ದಳು. ಬೀಗದ ಕೈ ಹಿಡಿದು ಬಂದ ಒಬ್ಬನಿಗೆ, "ಅತ್ಲಾಗಿಡಯ್ಯ ಅದನ್ನ, ಗಾಳಿ ಬಿಡ್ರಿ ಎಲ್ರೂ," ಎಂದು ಗದರಿದಳು. ಎರಡು ನಿಮಿಷದಲ್ಲಿ ಹುಡುಗಿ ಸಡಿಲವಾದಳು, ಉಸಿರು ಸರಿಯಾಯಿತು.

"ಇದನ್ನೆಲ್ಲ ಎಲ್ಲಿ ಕಲಿತಿರಿ ತಾಯಿ?" ಎಂದು ಕೇಳಿದೆ.

ಆಕೆ ನನ್ನನ್ನು ವಿಚಿತ್ರವಾಗಿ ನೋಡಿದಳು. "ಕಲಿಯೋದೇನು ಬಂತು? ನಮ್ ಕಡೆ ಎಲ್ರಿಗೂ ಗೊತ್ತಿರೋದೇ. ನಿಮ್ಗೆ ಗೊತ್ತಿಲ್ವಾ?" ಎಂದು ಬುಟ್ಟಿ ಎತ್ತಿಕೊಂಡು ಹೋದಳು. ಗಿರಣಿಯ ಹೆಸರು ಆಕೆಯ ಬಾಯಲ್ಲಿ ಬರಲಿಲ್ಲ. ಆಕೆಗೆ ಆ ದಂಪತಿ ಯಾರೆಂದೇ ಗೊತ್ತಿರಲಿಲ್ಲ. ಪ್ಲಾಟ್‌ಫಾರ್ಮಿನ ಮೇಲೆ ನಿಂತು ನನಗೆ ಎದೆಯುಬ್ಬಿ ಬಂತು. ನನ್ನ ಮೂವತ್ತು ಚಿಲ್ಲರೆ ವರ್ಷದ ನೌಕರಿಯಲ್ಲಿ ಯಾವ ಪ್ರಶಂಸಾಪತ್ರವೂ ನನಗೆ ಅಷ್ಟು ಹೆಮ್ಮೆ ಕೊಟ್ಟಿಲ್ಲ.

ಕಡೂರಿಗೆ ಹೋಗುವ ಬದಲು ಗಿರಣಿಯ ಊರಲ್ಲಿ ಇಳಿದೆ. ಮೋಟಾರು ಓಡುತ್ತಿತ್ತು. ಯಜಮಾನರ ಕೂದಲು ಹಿಟ್ಟಿಲ್ಲದೆಯೂ ಬೆಳ್ಳಗಾಗಿತ್ತು. ತಾಯಿ ಕೂರಿಸಿ ನೀರು ಬೆಲ್ಲ ಕೊಟ್ಟರು. ಸೌತೆಕಾಯಿಯ ಹೆಂಗಸು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಕಣ್ಣು ತುಂಬಿಕೊಳ್ಳುತ್ತಾರೆ, ಅಥವಾ ನಗುತ್ತಾರೆ ಎಂದುಕೊಂಡಿದ್ದೆ. ಆಕೆ ಪೂರ್ತಿ ಕೇಳಿ, ಕೈಯಲ್ಲಿದ್ದ ಜರಡಿ ಕೆಳಗಿಟ್ಟರು.

"ಆ ಮಗು ಯಾವೂರಿಂದು?"

ಶಿವನಿಯಿಂದ ಆಚೆಯ ಒಂದು ಹಳ್ಳಿಯ ಹೆಸರು ಹೇಳಿದೆ.

"ಮಾತ್ರೆ ತಗೊಳ್ತಿದೆಯಂತಾ?"

"ಒಂದು ಸಲ ಕೊಡಿಸಿ ಬಿಟ್ಟಿದ್ರಂತೆ. ಆಸ್ಪತ್ರೆಗೆ ಕರ್ಕೊಂಡು ಬನ್ನಿ ಅಂತ ಅವ್ರಪ್ಪನಿಗೆ ಹೇಳಿದೀನಿ."

"ಹೇಳಿದ್ರೆ ಸಾಲಲ್ಲ ಕಾಂಪೌಂಡ್ರೇ, ನಿಮ್ಗೇ ಗೊತ್ತಲ್ಲ," ಎಂದು ಎದ್ದರು. ಒಳಗೆ ತಿರುಗಿ, ಮೋಟಾರಿನ ಸದ್ದನ್ನೂ ಮೀರುವಂತೆ ಕೂಗಿದರು: "ರೀ, ನಾಳೆ ಬೆಳಗಿನ ರೈಲಿಗೆ ಶಿವನಿಗೆ ಹೋಗ್ಬೇಕು. ಗಿರಣಿ ಮಧ್ಯಾಹ್ನ ತೆಗೆದ್ರಾಯ್ತು."

"ಆಯ್ತು ಕಣೇ," ಎಂಬ ಉತ್ತರ ಹಿಟ್ಟಿನ ಮಬ್ಬಿನೊಳಗಿನಿಂದ ಬಂತು.